ಚೆಲ್ಟನ್‌ಹ್ಯಾಮ್ ಮುಂಗಡ ಬಾಜಿ: ಹಲವು ಚಳಿಗಾಲಗಳ ಬಳಕೆಯ ನಂತರ

ಐದಕ್ಕೆ ಎರಡೂವರೆ ನಕ್ಷತ್ರ. ಅದರಲ್ಲಿ ಆ ಅರ್ಧ ನಕ್ಷತ್ರ ಕುದುರೆಗಳ ಪಾಲಿನದು, ಬುಕ್ಕಿಗಳದ್ದಲ್ಲ.

ಇದು ಒಂದು ಕಂಪನಿಯ ವಿಮರ್ಶೆಯಲ್ಲ. ಇಂಗ್ಲೆಂಡಿನ ಬುಕ್ಕಿಗಳೆಲ್ಲರೂ ಚಳಿಗಾಲ ಹತ್ತಿರವಾದಂತೆ ಅಂಗಡಿಯ ಮುಂದೆ ಜೋಡಿಸಿಡುವ ಒಂದು ಸರಕಿನ ವಿಮರ್ಶೆ: ಬೇಲಿ ಜಿಗಿಯುವ ಓಟಗಳ ಮುಂಗಡ ಬಾಜಿ. ಇಲ್ಲಿ ಇದನ್ನು ಆಂಟಿ-ಪೋಸ್ಟ್ ಎನ್ನುತ್ತಾರೆ. ಮಾರ್ಚ್‌ನ ಚೆಲ್ಟನ್‌ಹ್ಯಾಮ್ ಉತ್ಸವಕ್ಕೆ ಅಥವಾ ಏಪ್ರಿಲ್‌ನ ಗ್ರ್ಯಾಂಡ್ ನ್ಯಾಷನಲ್‌ಗೆ ನವೆಂಬರ್‌ನಲ್ಲಿಯೇ ಹಣ ಕಟ್ಟುವುದು. ಓಟದ ದಿನ 3/1, ಅಂದರೆ ಒಂದು ಪೌಂಡಿಗೆ ಮೂರು ಪೌಂಡ್ ಲಾಭ, ಸಿಗುವ ಕುದುರೆಗೆ ಆಗ 12/1 ಸಿಕ್ಕೀತು. ಪ್ರತಿಯಾಗಿ ಒಪ್ಪಿಕೊಳ್ಳಬೇಕಾದ ಷರತ್ತು ಒಂದೇ: ಕುದುರೆ ಓಟಕ್ಕೆ ಬರದಿದ್ದರೆ ಕಟ್ಟಿದ ಹಣ ಹೋಯಿತು. ಕಾಲು ಉಳುಕಲಿ, ಕೆಮ್ಮು ಬರಲಿ, ಮಾಲೀಕರು ಮನಸ್ಸು ಬದಲಿಸಲಿ, ಬುಕ್ಕಿಗೆ ಎಲ್ಲವೂ ಒಂದೇ.

ಬೆಂಗಳೂರಿನ ರೇಸ್‌ಕೋರ್ಸ್‌ನಲ್ಲಿ ಫಾರಂ, ಅಂದರೆ ಕುದುರೆಯ ಹಿಂದಿನ ಓಟಗಳ ದಾಖಲೆ, ಓದಲು ಕಲಿತು ಬಂದವರಿಗೆ ಇದು ಬೇರೆಯೇ ಲೋಕ. ಅಲ್ಲಿ ನಾವು ನೋಡುತ್ತಿದ್ದುದು ಸಪಾಟು ನೆಲದ ಓಟ. ಸಾವಿರದ ಇನ್ನೂರು, ಸಾವಿರದ ನಾನೂರು ಮೀಟರ್. ಒಂದೂವರೆ ನಿಮಿಷದೊಳಗೆ ಎಲ್ಲ ಮುಗಿದು ಚೀಟಿ ಹರಿದು ಎಸೆದಿರುತ್ತಿದ್ದೆವು. ಉತ್ಸವದ ದೊಡ್ಡ ಓಟವಾದ ಚೆಲ್ಟನ್‌ಹ್ಯಾಮ್ ಗೋಲ್ಡ್ ಕಪ್ ಮೂರೂಕಾಲು ಮೈಲಿಗೂ ಹೆಚ್ಚು, 22 ಬೇಲಿ, ಕೊನೆಯ ಬೇಲಿ ದಾಟಿದ ಮೇಲೂ ಉಸಿರು ಕೀಳುವ ಏರು. ಸಪಾಟು ಓಟದ ಹೆಸರಾಂತ ಗಂಡು ಕುದುರೆ ಮೂರು ನಾಲ್ಕು ವರ್ಷಕ್ಕೇ ತಳಿ ಬೆಳೆಸಲು ಹೊರಟುಬಿಡುತ್ತದೆ. ಜಿಗಿಯುವ ಕುದುರೆಗಳು ಬಹುಪಾಲು ಬೀಜ ಒಡೆಸಿದವು, ಹಾಗಾಗಿ ಅವು ಎಲ್ಲಿಗೂ ಹೋಗುವುದಿಲ್ಲ. ಹತ್ತು ಹನ್ನೊಂದು ವರ್ಷದವರೆಗೂ ಪ್ರತಿ ಚಳಿಗಾಲ ಮರಳಿ ಬರುತ್ತವೆ. ಯಾವುದಕ್ಕೆ ಕೆಸರು ಹಿಡಿಸುತ್ತದೆ, ಯಾವುದು ಬಲಕ್ಕೆ ವಾಲಿ ಜಿಗಿಯುತ್ತದೆ, ಯಾವುದು ಮುಂದೆ ಬಂದ ಕೂಡಲೇ ಸೋಮಾರಿಯಾಗುತ್ತದೆ ಎಂಬುದೆಲ್ಲ ನೋಡುಗರಿಗೆ ಬಾಯಿಪಾಠವಾಗಿರುತ್ತದೆ. ಮುಂಗಡ ಬಾಜಿ ಮಾರಾಟವಾಗುವುದೇ ಈ ಪರಿಚಯದ ಬಲದ ಮೇಲೆ. 'ಈ ಕುದುರೆ ನನಗೆ ಗೊತ್ತು' ಎನ್ನುವವನೇ ನವೆಂಬರ್‌ನಲ್ಲಿ ಹಣ ಕಟ್ಟುವ ಗಿರಾಕಿ.

ಆದರೆ ಇಷ್ಟು ವರ್ಷಗಳ ಬಳಕೆಯಿಂದ ನನಗೆ ಖಚಿತವಾಗಿರುವುದು ಇದು: ಈ ಸರಕಿನಲ್ಲಿ ಫಾರಂ ಕೊಳ್ಳುವುದು ಅರ್ಧ, ಹಾಜರಾತಿ ಕೊಳ್ಳುವುದು ಇನ್ನರ್ಧ. ಫಾರಂ ಓದಲು ನೂರು ದಾರಿಗಳಿವೆ. ಹಾಜರಾತಿ ತೀರ್ಮಾನವಾಗುವುದು ತರಬೇತುದಾರನ ತಲೆಯೊಳಗೆ.

2025ರ ಐನೋದವೇಯುಆರ್‌ಥಿಂಕಿನ್‌ನನ್ನೇ ನೋಡಿ. ತರಬೇತುದಾರ ಗ್ಯಾವಿನ್ ಕ್ರಾಮ್‌ವೆಲ್ ಅವರ ಲಾಯದ, ಮಾಲೀಕ ಜೆ.ಪಿ. ಮ್ಯಾಕ್‌ಮ್ಯಾನಸ್ ಅವರ ಹಸಿರು–ಬಂಗಾರ ಅಂಗಿಯ ಸವಾರನನ್ನು ಹೊತ್ತ ಕುದುರೆ. ಆ ಚಳಿಗಾಲ ಇದನ್ನು ಗ್ರ್ಯಾಂಡ್ ನ್ಯಾಷನಲ್‌ಗಾಗಿಯೇ ಕಾದಿರಿಸಿದ್ದಾರೆ ಎಂದು ಬಹಳ ಮಂದಿ ಓದಿಕೊಂಡಿದ್ದರು, ಮುಂಗಡ ಮಾರುಕಟ್ಟೆಯಲ್ಲಿ ಅದೇ ಮುಂಚೂಣಿಗೆ ಬಂದಿತ್ತು. ಗೋಲ್ಡ್ ಕಪ್‌ಗೆ ಅದರ ಹೆಸರೇ ನೋಂದಾಯಿಸಿರಲಿಲ್ಲ. ಕೊನೆಗಳಿಗೆಯಲ್ಲಿ 25,000 ಪೌಂಡ್ ಶುಲ್ಕ ಕಟ್ಟಿ ಸೇರಿಸಿದರು. ಎರಡು ಬಾರಿಯ ವಿಜೇತ ಗ್ಯಾಲೊಪಾನ್ ದೆ ಶಾಂನನ್ನು ಹಿಂದಿಕ್ಕಿ ಅದು ಗೆದ್ದಿತು. ನ್ಯಾಷನಲ್‌ನಲ್ಲಿ ಪ್ರತಿ ಕುದುರೆ ಅದರ ಸಾಮರ್ಥ್ಯಕ್ಕೆ ತಕ್ಕಂತೆ ಹೊರಬೇಕಾದ ಭಾರಗಳು ಫೆಬ್ರುವರಿಯಲ್ಲೇ ನಿಗದಿಯಾಗಿರುತ್ತವೆ, ನಂತರ ಏನು ಗೆದ್ದರೂ ಏರುವುದಿಲ್ಲ. ಅಂದರೆ ಗೋಲ್ಡ್ ಕಪ್ ವಿಜೇತ ಕುದುರೆಯೊಂದು ಹಳೆಯ ಹಗುರ ಭಾರ ಹೊತ್ತು ನ್ಯಾಷನಲ್ ನಡೆಯುವ ಏನ್‌ಟ್ರಿಗೆ ಹೋಗುವ ಯೋಗ. ನವೆಂಬರ್‌ನಲ್ಲಿ ಅದರ ಮೇಲೆ ಕಟ್ಟಿದ್ದವರ ಓದು ಅಕ್ಷರಶಃ ಸರಿಯಾಗಿತ್ತು. ಕೆಲವು ದಿನಗಳ ನಂತರ ಮಾಲೀಕರ ಕಡೆಯಿಂದ ಸುದ್ದಿ ಬಂತು: ನ್ಯಾಷನಲ್‌ನಲ್ಲಿ ಓಡಿಸುವುದಿಲ್ಲ. ಕುದುರೆಯ ದೃಷ್ಟಿಯಿಂದ ನೋಡಿದರೆ ಒಳ್ಳೆಯ ನಿರ್ಧಾರವೇ. ನ್ಯಾಷನಲ್ ಚೀಟಿ ಹಿಡಿದವರಿಗೆ ಮಾತ್ರ ಕುದುರೆ ಗೆದ್ದಿದ್ದೇ ಮುಳುವಾಯಿತು.

ಅದೇ ವರ್ಷ ಲಾಸಿಮೌತ್ ಎಂಬ ಹೆಣ್ಣು ಕುದುರೆಯ ಕಥೆ ಇನ್ನೂ ಕಹಿ. ಉತ್ಸವದ ಚಾಂಪಿಯನ್ ಹರ್ಡಲ್‌ಗೆ (ಹರ್ಡಲ್ ಎಂದರೆ ಗಿಡ್ಡ ಬೇಲಿ) ಎಂದು ಅದರ ಮೇಲೆ ಕಟ್ಟಿದವರು ಬಹಳ ಮಂದಿ. ತರಬೇತುದಾರ ವಿಲ್ಲಿ ಮಲಿನ್ಸ್ ಅದನ್ನು ಹೆಣ್ಣು ಕುದುರೆಗಳ ಹರ್ಡಲ್ ಓಟಕ್ಕೆ ತಿರುಗಿಸಿದರು. ಛತ್ರಕ್ಕೆ ಮುಂಗಡ ಕೊಟ್ಟಾದ ಮೇಲೆ ಮದುವೆ ಪಕ್ಕದ ಛತ್ರದಲ್ಲಿ ನಡೆದ ಹಾಗೆ. ಅಲ್ಲಿ ಅದು ಗೆದ್ದಿತು. ಅದೇ ಮಧ್ಯಾಹ್ನದ ಚಾಂಪಿಯನ್ ಹರ್ಡಲ್‌ನಲ್ಲಿ ಫೇವರಿಟ್ ಕಾನ್‌ಸ್ಟಿಟ್ಯೂಷನ್ ಹಿಲ್ ನಡುವೆಯೇ ಬಿದ್ದಿತು. ಮುಂದಿದ್ದ ಸ್ಟೇಟ್ ಮ್ಯಾನ್ ಕೊನೆಯ ಹರ್ಡಲ್‌ನಲ್ಲಿ ಬಿದ್ದಿತು. 25/1ರ ಗೋಲ್ಡನ್ ಏಸ್ ಗೆದ್ದಿತು. ಲಾಸಿಮೌತ್ ಅಲ್ಲಿದ್ದಿದ್ದರೆ? ಈ ಪ್ರಶ್ನೆಯನ್ನು ಹಣ ಕಳೆದುಕೊಂಡವರ ಎದುರು ಎತ್ತಬೇಡಿ.

ಕಾನ್‌ಸ್ಟಿಟ್ಯೂಷನ್ ಹಿಲ್ ಬಗ್ಗೆ ಪ್ರತ್ಯೇಕವಾಗಿ ಹೇಳಲೇಬೇಕು. ಹೊಸ ಹರ್ಡಲ್ ಕುದುರೆಗಳ ಓಟವಾದ ಸುಪ್ರೀಮ್ ನಾವಿಸಸ್ ಹರ್ಡಲ್ ಅನ್ನು 2022ರಲ್ಲಿ 22 ಲೆಂತ್ (ಕುದುರೆಯುದ್ದ) ಅಂತರದಲ್ಲಿ ಗೆದ್ದ ಕುದುರೆ, 2023ರ ಚಾಂಪಿಯನ್ ಹರ್ಡಲ್ ವಿಜೇತ. ಅಂಥ ಫಾರಂ ಇರುವಾಗ ಬುಕ್ಕಿ ಕೊಡುವ ದರ ಒಂದಕ್ಕಿಂತ ಕಡಿಮೆ, ಅಂದರೆ ನಾಲ್ಕು ಪೌಂಡ್ ಕಟ್ಟಿದರೆ ಒಂದು ಪೌಂಡ್ ಲಾಭ ಎನ್ನುವ ಬಗೆಯ ಲೆಕ್ಕ. ಅದಕ್ಕೂ ತಿಂಗಳುಗಟ್ಟಲೆ ಮುಂಚೆ ಹಣ ಕಟ್ಟುವವರಿದ್ದಾರೆ! 2024ರಲ್ಲಿ ಉತ್ಸವಕ್ಕೆ ಕೆಲವೇ ದಿನಗಳಿರುವಾಗ ಕೆಂಪ್ಟನ್‌ನಲ್ಲಿ ನಡೆದ ಅಭ್ಯಾಸದ ಓಟದಲ್ಲಿ ಅದು ಸೊರಗಿತು, ಉಸಿರಾಟದ ಸೋಂಕು ಎಂದು ಗೊತ್ತಾಯಿತು, ಚಾಂಪಿಯನ್ ಹರ್ಡಲ್‌ಗೆ ಬರಲೇ ಇಲ್ಲ. ಸೋಲಿಸುವ ಕುದುರೆ ಇಲ್ಲದ ಕುದುರೆಯನ್ನು ಸೋಂಕು ಸೋಲಿಸಿತು. ಇಂಥ ಫೇವರಿಟ್ ಮೇಲೆ ಮುಂಗಡ ಕಟ್ಟುವುದಕ್ಕೆ ನನ್ನ ಬಳಿ ಒಂದೇ ಒಂದು ಸಮರ್ಥನೆಯೂ ಇಲ್ಲ. ಲಾಭ ಚಿಲ್ಲರೆ, ಅಪಾಯ ಪೂರ್ತಿ.

ಈಗ ಲೆಕ್ಕ. ಬುಕ್ಕಿಗಳು ಹೊಸ ವರ್ಷದ ಸುಮಾರಿಗೆ ಒಬ್ಬೊಬ್ಬರಾಗಿ 'ಓಡದಿದ್ದರೆ ಹಣ ವಾಪಸ್' ಎಂಬ ಷರತ್ತಿನ ದರ ಕೊಡಲು ಶುರುಮಾಡುತ್ತಾರೆ. ದರ ಚಿಕ್ಕದಾಗಿ ಕಾಣುತ್ತದೆ, ಅದಕ್ಕೇ ಹಲವರು ಮೂಗು ಮುರಿಯುತ್ತಾರೆ. ಒಂದು ಕುದುರೆಗೆ ಡಿಸೆಂಬರ್‌ನಲ್ಲಿ 16/1 ಇದೆ ಎನ್ನಿ. ಗೆದ್ದರೆ ಪೌಂಡಿಗೆ ಅಸಲೂ ಸೇರಿ 17 ಕೈಗೆ ಬರುತ್ತದೆ. ಆ ನಿರ್ದಿಷ್ಟ ಓಟಕ್ಕೇ ಅದು ಬರುವ ಸಾಧ್ಯತೆ ಅರ್ಧಕ್ಕರ್ಧ ಎಂದುಕೊಂಡರೆ ನಿಜವಾಗಿ ನಿಮ್ಮ ಕೈಯಲ್ಲಿರುವುದು ಎಂಟೂವರೆ, ಅಂದರೆ 15/2. ವಾಪಸ್ ಷರತ್ತಿನೊಂದಿಗೆ 8/1 ಸಿಕ್ಕರೆ ಪೌಂಡಿಗೆ ಒಂಬತ್ತು. ಕಣ್ಣಿಗೆ ಅರ್ಧದಷ್ಟು ಕಾಣುವ ದರವೇ ಮೇಲು! ಅರ್ಧಕ್ಕರ್ಧ ಎಂಬ ಊಹೆ ವಿಪರೀತವೇ? ಒಂದೇ ಲಾಯದಲ್ಲಿ ಒಂದೇ ಓಟಕ್ಕೆ ಹೊಂದುವ ಐದಾರು ಎಳೆಯ ಕುದುರೆಗಳಿದ್ದು, ಉತ್ಸವದ ನಾಲ್ಕು ದಿನಗಳಲ್ಲಿ ಅವುಗಳಿಗೆ ಮೂರು ಬೇರೆ ಓಟಗಳ ಆಯ್ಕೆ ಇದ್ದರೆ, ಅದು ಉದಾರ ಊಹೆಯೇ. ಮಲಿನ್ಸ್ ಲಾಯದ ಹೊಸ ಹರ್ಡಲ್ ಕುದುರೆಗಳ ಮೇಲೆ ಜನವರಿಗೆ ಮುಂಚೆ ಕಟ್ಟುವುದನ್ನು ನಾನು ಬಿಟ್ಟಿರುವುದು ಇದಕ್ಕೇ. ಅವರ ಕುದುರೆಗಳು ಗೆಲ್ಲುವುದಿಲ್ಲ ಎಂದಲ್ಲ, ಯಾವುದು ಎಲ್ಲಿ ಗೆಲ್ಲುತ್ತದೆ ಎಂಬುದು ಉತ್ಸವದ ವಾರದವರೆಗೂ ಬಯಲಾಗುವುದಿಲ್ಲ.

ಒಳ್ಳೆಯದೂ ಇದೆ. ಓಟದ ದಿನ ಕಟ್ಟಿದ ಬಾಜಿಗೆ ಬೇರೆ ಕುದುರೆ ಹಿಂದೆ ಸರಿದರೆ ನಾಲ್ಕನೆಯ ನಿಯಮದಡಿ ಗೆಲುವಿನಿಂದ ಕಡಿತವಾಗುತ್ತದೆ. ಮುಂಗಡ ಬಾಜಿಗೆ ಅದು ಅನ್ವಯಿಸುವುದಿಲ್ಲ. ಎದುರಾಳಿಗಳು ಒಬ್ಬೊಬ್ಬರಾಗಿ ಕಳಚಿಕೊಂಡರೆ ಪೂರ್ತಿ ಲಾಭ ನಿಮಗೇ. ಗೆದ್ದ ಹಣಕ್ಕೆ ಬ್ರಿಟನ್‌ನಲ್ಲಿ ಬಾಜಿ ಕಟ್ಟುವವನು ತೆರಿಗೆ ಕೊಡಬೇಕಿಲ್ಲ, ಬೆಂಗಳೂರಿನ ಗೆಳೆಯರು ಇದನ್ನು ಕೇಳಿ ನಿಟ್ಟುಸಿರು ಬಿಡುತ್ತಾರೆ. ಖಾತೆಗೆ ಠೇವಣಿ ಮಿತಿ ಹಾಕಿಕೊಳ್ಳುವ ಸೌಲಭ್ಯ ಸುಲಭವಾಗಿದೆ. ಮಿತಿ ಇಳಿಸಿದರೆ ಕೂಡಲೇ ಜಾರಿ, ಏರಿಸಬೇಕಾದರೆ ಕಾಯಬೇಕು. ನಾನು ಅಕ್ಟೋಬರ್‌ನಲ್ಲೇ ಇಳಿಸಿಬಿಡುತ್ತೇನೆ.

ಯಾವಾಗ ಕೊಳ್ಳಬಹುದು? ಕುದುರೆಗೆ ಬೇರೆ ದಾರಿಯೇ ಇಲ್ಲದಿದ್ದಾಗ. ಎರಡು ಮೈಲಿಗೆ ವೇಗ ಸಾಲದ, ಎರಡೂವರೆಗೂ ಮಂದವಾದ, ಮೂರು ಮೈಲಿಯ ಕೆಸರಿನಲ್ಲಿ ಮಾತ್ರ ಅರಳುವ ಕುದುರೆಯನ್ನು ತರಬೇತುದಾರ ಎಲ್ಲಿಗೂ ತಿರುಗಿಸಲಾರ. ಲಾಯ ಚಿಕ್ಕದಿದ್ದರೆ ಇನ್ನೂ ಮೇಲು, ಏಕೆಂದರೆ ಒಂದೇ ಒಳ್ಳೆಯ ಕುದುರೆ ಇರುವವರು ಅದರ ಗುರಿಯನ್ನು ಮುಚ್ಚಿಡುವುದಿಲ್ಲ. ಹಿಂದಿನ ಓಟಗಳ ಸ್ಥಾನಗಳನ್ನು ಅಂಕಿಗಳಲ್ಲಿ ತೋರಿಸುವ ಫಾರಂ ಸಾಲಿನಲ್ಲಿ ನಾನು ಮೊದಲು ಹುಡುಕುವುದು ಗೆಲುವುಗಳನ್ನಲ್ಲ, ಅಂಕಿಗಳ ನಡುವಿನ ಓರೆಗೆರೆಯನ್ನು. ಅಡ್ಡಗೆರೆ ಬಂದರೆ ಋತು ಬದಲಾಗಿದೆ ಎಂದಷ್ಟೇ. ಓರೆಗೆರೆ ಬಂದರೆ ಇಡೀ ಒಂದು ಋತು ಓಡದೆ ಮಲಗಿದೆ ಎಂದರ್ಥ. ಬಿದ್ದ ಗುರುತು ಇದ್ದರೆ ಹೆದರುವುದಿಲ್ಲ, ಮುಂದಿದ್ದು ಆಯ ತಪ್ಪಿ ಬಿದ್ದ ಕುದುರೆ ಮತ್ತೆ ಗೆಲ್ಲಬಲ್ಲದು. ನಡುವೆ ಎಳೆದು ನಿಲ್ಲಿಸಿದ ಗುರುತು ಮೇಲಿಂದ ಮೇಲೆ ಇದ್ದರೆ ದರ ಎಷ್ಟೇ ಆಸೆ ಹುಟ್ಟಿಸಿದರೂ ಬಿಡಿ. ಮುಂಗಡ ಬಾಜಿಗೆ ವೇಗಕ್ಕಿಂತ ಮೈಗಟ್ಟು ಮುಖ್ಯ.

ಗ್ರ್ಯಾಂಡ್ ನ್ಯಾಷನಲ್‌ಗೆ ಮಾತ್ರ ಮುಂಗಡವನ್ನೇ ಬೇಡ ಎನ್ನುತ್ತೇನೆ. 2024ರಿಂದ ಕುದುರೆಗಳ ಸಂಖ್ಯೆಯನ್ನು 40ರಿಂದ 34ಕ್ಕೆ ಇಳಿಸಿದ್ದಾರೆ. ನೀವು ಆರಿಸಿದ ಹಗುರ ಭಾರದ ಕುದುರೆ ಗಟ್ಟಿಮುಟ್ಟಾಗಿದ್ದರೂ ಪಟ್ಟಿಯಲ್ಲಿ ಜಾಗ ಸಿಗದೆ ಹೊರಗುಳಿಯಬಹುದು. ಓಟದ ದಿನವಾದರೆ ಆರನೇ ಸ್ಥಾನದವರೆಗೂ ಹಣ ಕೊಡುವ ಬುಕ್ಕಿಗಳು ಸಿಗುತ್ತಾರೆ. 2025ರಲ್ಲಿ ಗೆದ್ದ ನಿಕ್ ರಾಕೆಟ್‌ಗೆ ಓಟ ಶುರುವಾಗುವ ಹೊತ್ತಿಗೂ 33/1 ಇತ್ತು. ಚಳಿಗಾಲವಿಡೀ ಕಾದವರಿಗೆ ವಿಶೇಷವಾಗಿ ಏನು ಸಿಕ್ಕಿತು?

ಕೊನೆಯದಾಗಿ ಒಂದು ದೂರು, ನಾನು ಬಳಸುವ ಆ್ಯಪ್ ಬಗ್ಗೆ. ಕುದುರೆ ಹಿಂದೆ ಸರಿದ ಮರುಕ್ಷಣವೇ ಆ ಬಾಜಿ ಬೂದು ಬಣ್ಣಕ್ಕೆ ತಿರುಗಿ 'ಸೋತಿದೆ' ಎಂದು ತೋರಿಸುತ್ತದೆ, ಓಟಕ್ಕೆ ಇನ್ನೂ ಎರಡು ವಾರ ಇದ್ದರೂ. 'ಓಡಲಿಲ್ಲ' ಎಂದು ಬರೆಯಿರಿ ಎಂದು ಗ್ರಾಹಕ ಸೇವೆಗೆ ತಿಳಿಸಿದೆ. ಸಲಹೆಗೆ ಧನ್ಯವಾದ ಎಂಬ ಉತ್ತರದ ಜೊತೆ ಮುಂದಿನ ವರ್ಷದ ಗೋಲ್ಡ್ ಕಪ್‌ನ ದರಪಟ್ಟಿ ಬಂತು.