ವಿಯೆನ್ನಾ, ಬುಡಾಪೆಸ್ಟ್ ಮಧುಚಂದ್ರಕ್ಕೆ ಮಾಟುಂಗಾದ ಪ್ರವಾಸ ಸಂಸ್ಥೆ

ಮದುವೆಯ ನಂತರ ಆಸ್ಟ್ರಿಯಾದ ವಿಯೆನ್ನಾ ಮತ್ತು ಹಂಗೇರಿಯ ಬುಡಾಪೆಸ್ಟ್ ನೋಡಿಬರಲು ನಾವು ಮುಂಬೈಯ ಮಾಟುಂಗಾದಲ್ಲಿ ಕನ್ನಡಿಗ ದಂಪತಿ ನಡೆಸುವ ಸಣ್ಣ ಪ್ರವಾಸ ಸಂಸ್ಥೆಯೊಂದರ ನೆರವು ಪಡೆದೆವು. ಆ ಎರಡು ರಾಜಧಾನಿಗಳ ನಡುವೆ ರೈಲಿನಲ್ಲಿ ಎರಡೂ ಮುಕ್ಕಾಲು ಗಂಟೆಗಿಂತ ಹೆಚ್ಚು ಬೇಕಾಗುವುದಿಲ್ಲವಾದ್ದರಿಂದ, ವಿಮಾನದ ಮಾತೇ ಬೇಡವೆಂದು ಅವರು ಹೇಳಿದ್ದು ಬಹಳ ಸರಿಯಾದ ಸಲಹೆ.

ವೀಸಾದ ಕೆಲಸದಲ್ಲಿ ಅವರ ಶ್ರದ್ಧೆ ನಿಜಕ್ಕೂ ಮೆಚ್ಚತಕ್ಕದ್ದು. ಯುರೋಪಿನ ಹಲವು ದೇಶಗಳಿಗೆ ಒಂದೇ ಆಗಿ ಸಲ್ಲುವ ಷೆಂಗೆನ್ ವೀಸಾಕ್ಕೆ ಹೆಚ್ಚು ದಿನ ತಂಗುವ ದೇಶಕ್ಕೇ ಅರ್ಜಿ ಸಲ್ಲಿಸಬೇಕಾದ್ದರಿಂದ ಆಸ್ಟ್ರಿಯಾವನ್ನು ಆರಿಸಿ, ಕನಿಷ್ಠ 30,000 ಯೂರೋ ಮೊತ್ತದ ಕಡ್ಡಾಯ ಪ್ರಯಾಣ ವಿಮೆಯನ್ನೂ ಅವರೇ ಮಾಡಿಸಿದರು. ನನ್ನ ಪಾಸ್‌ಪೋರ್ಟಿನಲ್ಲಿ ತವರಿನ ಅಡ್ಡಹೆಸರೇ ಇತ್ತು. ಸಂಸ್ಥೆ ನಡೆಸುವ ಅಕ್ಕ ಟಿಕೆಟ್ಟನ್ನು ಪಾಸ್‌ಪೋರ್ಟಿನ ಪಕ್ಕದಲ್ಲಿಟ್ಟು, ಪೆನ್ಸಿಲ್ ತುದಿಯಿಂದ ಒಂದೊಂದೇ ಅಕ್ಷರ ಹೊಂದಿಸಿ ನೋಡಿ, ಹೆಸರು ಬದಲಿಸುವ ಅಗತ್ಯವಿಲ್ಲವೆಂದು ಧೈರ್ಯ ಹೇಳಿದರು. ಹೊಸದಾಗಿ ಮದುವೆಯಾದವರಿಗೆ ಇಂಥ ಭರವಸೆ ಎಷ್ಟು ದೊಡ್ಡದು!

ವಿಯೆನ್ನಾದ ಷೋನ್‌ಬ್ರುನ್ ಅರಮನೆಗೆ ನಿಗದಿತ ವೇಳೆಯ ಟಿಕೆಟ್ ಮೊದಲೇ ತೆಗೆಸಿದ್ದರು. ಬುಡಾಪೆಸ್ಟ್‌ನಲ್ಲಿ 1913ರಲ್ಲಿ ಆರಂಭವಾದ ಸೆಚೆನಿ ಬಿಸಿನೀರಿನ ಸ್ನಾನಗೃಹಕ್ಕೆ ಪೂರ್ತಿ ಅರ್ಧ ದಿನ ಬಿಟ್ಟಿದ್ದರು. ಬಯಲಿನ ಕೊಳದಿಂದ ಹಬೆ ಏಳುವುದನ್ನು ನೋಡುತ್ತ ಅವಸರವಿಲ್ಲದೆ ಕುಳಿತಿರಲು ಅಷ್ಟು ಸಮಯ ಬೇಕೇ ಬೇಕು. ಹಂಗೇರಿಯಲ್ಲಿ ಯೂರೋ ಅಲ್ಲ, ಫೋರಿಂಟ್ ನಡೆಯುತ್ತದೆಂದು ಎಚ್ಚರಿಸಿದ್ದೂ ಉಪಯೋಗಕ್ಕೆ ಬಂತು. ಸಸ್ಯಾಹಾರದ ಏರ್ಪಾಡು ಸಾಧಾರಣವಾಗಿತ್ತು.

ಒಂದು ಆಕ್ಷೇಪವಿದೆ. ವಿದೇಶ ಪ್ರವಾಸದ ಪ್ಯಾಕೇಜಿನ ಮೇಲೆ ವಸೂಲಾಗುವ ಟಿಸಿಎಸ್ (ಮಾರುವವರೇ ಹಣದ ಜೊತೆ ಸಂಗ್ರಹಿಸಿ ಸರ್ಕಾರಕ್ಕೆ ಕಟ್ಟುವ ತೆರಿಗೆ) ಮೊತ್ತವನ್ನು ಮೊದಲ ಅಂದಾಜಿನಲ್ಲಿ ಅವರು ತೋರಿಸಿರಲಿಲ್ಲ. ಆದಾಯ ತೆರಿಗೆ ವಿವರ ಸಲ್ಲಿಸುವಾಗ ಅದನ್ನು ಹೊಂದಿಸಿಕೊಳ್ಳಬಹುದಾದರೂ, ಮದುವೆ ಖರ್ಚಿನ ಬೆನ್ನಿಗೇ ಕೈಯಿಂದ ಹಣ ಹೋಗುವುದರಿಂದ, ಮುಂಗಡ ಕೊಡುವ ಮೊದಲೇ ಅದನ್ನು ಲೆಕ್ಕದಲ್ಲಿ ಬರೆಸಿಕೊಳ್ಳಿ.