ಆಫೀಸ್ ಬ್ಯಾಂಡ್‌ನ ಮೊದಲ ದೊಡ್ಡ ವೇದಿಕೆಗೆ ಬೆಹ್ರಿಂಗರ್ ಎಕ್ಸ್‌ಆರ್18 ಮಿಕ್ಸರ್ ಸಾಕೇ?

ಒಂದೇ ಕಚೇರಿಯ ಏಳೆಂಟು ಜನ ಸೇರಿ ಕಟ್ಟಿಕೊಂಡ ಬ್ಯಾಂಡ್ ಮೊದಲ ಸಲ ದೊಡ್ಡ ವೇದಿಕೆ ಹತ್ತಿದಾಗ ತಾಳ ತಪ್ಪುವುದಕ್ಕೆ ಅಭ್ಯಾಸದ ಕೊರತೆಯೇ ಕಾರಣ ಎಂದುಕೊಳ್ಳುತ್ತಾರೆ. ಬಹಳ ಸಲ ಕಾರಣ ಬೇರೆಯೇ ಇರುತ್ತದೆ: ಒಬ್ಬರದು ಒಬ್ಬರಿಗೆ ಕೇಳಿಸುತ್ತಿರುವುದಿಲ್ಲ. ತಾಲೀಮಿನ ಕೋಣೆಯಲ್ಲಿ ಡ್ರಮ್ಸ್ ಎರಡು ಮೀಟರ್ ದೂರದಲ್ಲಿರುತ್ತದೆ. ದೊಡ್ಡ ವೇದಿಕೆಯಲ್ಲಿ ಅದು 8 ಮೀಟರ್ ಆಚೆ ಹೋಗುತ್ತದೆ. ಶಬ್ದ ಒಂದು ಮೀಟರ್ ಸಾಗಲು ಸುಮಾರು 3 ಮಿಲಿಸೆಕೆಂಡ್ ಬೇಕು, ಅಂದರೆ ಡ್ರಮ್ಸ್‌ನ ಸ್ನೇರ್ ಪೆಟ್ಟು ಗಾಯಕರ ಕಿವಿ ತಲುಪುವಾಗ 23 ಮಿಲಿಸೆಕೆಂಡ್ ಕಳೆದಿರುತ್ತದೆ. 30 ಮೀಟರ್ ದೂರದ ಹಿಂಗೋಡೆಗೆ ಬಡಿದು ಮರಳುವ ಸದ್ದು 175 ಮಿಲಿಸೆಕೆಂಡ್ ತಡವಾಗಿ ಬರುತ್ತದೆ. ಆ ಪ್ರತಿಧ್ವನಿಯನ್ನೇ ನಂಬಿ ಹಾಡಿದರೆ ಲಯ ಹಿಂದೆ ಬೀಳುವುದು ಖಚಿತ. ಇದಕ್ಕೆ ಮದ್ದು ಪ್ರತಿಯೊಬ್ಬರಿಗೂ ಅವರವರಿಗೆ ಬೇಕಾದ ಮಾನಿಟರ್ ಮಿಕ್ಸ್, ಅಂದರೆ ವೇದಿಕೆಯ ಮೇಲಿರುವವರು ಕೇಳಿಸಿಕೊಳ್ಳಲೆಂದೇ ಬೇರೆಯಾಗಿ ಬೆರೆಸಿದ ಸದ್ದು. ಎಕ್ಸ್‌ಆರ್18ನ್ನು ಅಳೆಯಬೇಕಾದದ್ದು ಈ ಒಂದು ಕೆಲಸದಿಂದ. ಇದರಲ್ಲಿ ಅದು ಚೆನ್ನಾಗಿಯೇ ಪಾಸಾಗುತ್ತದೆ, ಜೊತೆಗೆ ಒಂದು ರೂಟರ್ ಇಟ್ಟುಕೊಂಡರೆ.

ಮೊದಲು ಪೆಟ್ಟಿಗೆಯ ಪರಿಚಯ. ಸದ್ದು ಏರಿಸಿ ಇಳಿಸುವ ಜಾರುಗುಂಡಿಗಳಾದ ಫೇಡರ್‌ಗಳಿಲ್ಲ, ಪರದೆಯೂ ಇಲ್ಲ. ಟ್ಯಾಬ್ಲೆಟ್, ಫೋನ್ ಅಥವಾ ಲ್ಯಾಪ್‌ಟಾಪ್‌ನಲ್ಲಿರುವ ಉಚಿತ ಆ್ಯಪ್‌ನಿಂದಲೇ ಎಲ್ಲ ನಿಯಂತ್ರಣ. ಮೈಡಾಸ್ ವಿನ್ಯಾಸದ 16 ಮೈಕ್ ಪ್ರೀಆಂಪ್‌ಗಳು (ಮೈಕ್‌ನ ಕ್ಷೀಣ ಸಿಗ್ನಲನ್ನು ಹಿಗ್ಗಿಸುವ ಇನ್‌ಪುಟ್‌ಗಳು), 2 ಲೈನ್ ಇನ್‌ಪುಟ್, ಮಾನಿಟರ್‌ಗೆ ಬೇರೆ ಮಿಕ್ಸ್ ಕಳಿಸುವ 6 ಆಕ್ಸ್ ಔಟ್‌ಪುಟ್, ಎಡ-ಬಲ ಮುಖ್ಯ ಔಟ್‌ಪುಟ್, ಒಂದು ಹೆಡ್‌ಫೋನ್ ಜ್ಯಾಕ್. ಪ್ರತಿ ಚಾನೆಲ್‌ಗೂ ಸಣ್ಣ ಸದ್ದನ್ನು ತಡೆಯುವ ಗೇಟ್, ಏರಿಳಿತ ತಗ್ಗಿಸುವ ಕಂಪ್ರೆಸರ್, ತಗ್ಗು-ಎತ್ತರದ ಸ್ವರಗಳನ್ನು ಹೊಂದಿಸುವ ಇಕ್ಯೂ ಇವೆ. ಒಳಗೆ ರಿವರ್ಬ್ (ಗುಂಗು), ಡಿಲೇ (ಮರುದನಿ) ಥರದವನ್ನು ಸೇರಿಸುವ 4 ಎಫೆಕ್ಟ್ ಎಂಜಿನ್‌ಗಳಿವೆ. ಇದೇ ಸಾಲಿನ ಎಕ್ಸ್‌ಆರ್16 ಹೆಸರಿನಲ್ಲಿ 16 ಇದ್ದರೂ ಅದರಲ್ಲಿ ಮೈಕ್ ಪ್ರೀಆಂಪ್ 8, ಆಕ್ಸ್ 4 ಮಾತ್ರ. ಡ್ರಮ್ಸ್ ಇರುವ ಬ್ಯಾಂಡ್‌ಗೆ ಅದು ಸಾಲದು. ಎಕ್ಸ್‌ಆರ್12 ಅಂತೂ ಇಬ್ಬರು ಮೂವರ ಅಕೂಸ್ಟಿಕ್ ತಂಡಕ್ಕೆ ಮಾತ್ರ.

ಡ್ರಮ್ಸ್, ಬೇಸ್, ಎರಡು ಎಲೆಕ್ಟ್ರಿಕ್ ಗಿಟಾರ್, ಒಂದು ಅಕೂಸ್ಟಿಕ್, ಕೀಬೋರ್ಡ್, ನಾಲ್ಕು ಹಾಡುವ ಮೈಕ್ — ಮಾಮೂಲಿ ಆಫೀಸ್ ಬ್ಯಾಂಡ್ ಎಂದರೆ ಇಷ್ಟು. ಬೇಸ್ 1ನೇ ಚಾನೆಲ್‌ಗೆ, ಅಕೂಸ್ಟಿಕ್ 2ಕ್ಕೆ ಹೋಗಲಿ, ಏಕೆಂದರೆ ಈ ಎರಡು ಇನ್‌ಪುಟ್‌ಗಳಿಗೆ ಮಾತ್ರ ಗಿಟಾರ್ ಸಿಗ್ನಲ್‌ಗೆ ಹೊಂದುವ ಹೈ-ಝಡ್ ಸೌಲಭ್ಯವಿದೆ, ಡಿಐ ಬಾಕ್ಸ್ (ವಾದ್ಯದ ಸಿಗ್ನಲನ್ನು ಮೈಕ್ ಇನ್‌ಪುಟ್‌ಗೆ ಒಗ್ಗಿಸುವ ಡಬ್ಬಿ) ಇಲ್ಲದೆ ನೇರವಾಗಿ ಚುಚ್ಚಬಹುದು. ಆದರೆ ಗಿಟಾರ್ ಕೇಬಲ್ ಸುಮಾರು 6 ಮೀಟರ್ ದಾಟಿದರೆ ಮೇಲಿನ ಸ್ವರಗಳು ಮಂಕಾಗುತ್ತವೆ, ಕರೆಂಟಿನ ಗುಂಯ್ ಸದ್ದೂ ಸೇರಿಕೊಳ್ಳುತ್ತದೆ. ಪೆಟ್ಟಿಗೆ ಅಷ್ಟು ಹತ್ತಿರ ಇರದಿದ್ದರೆ ಡಿಐ ಬಳಸಿ. ಡ್ರಮ್ಸ್‌ನ ಕಿಕ್, ಸ್ನೇರ್, ಟಾಮ್, ಮೇಲಿನಿಂದ ಹಿಡಿಯುವ ಎರಡು ಓವರ್‌ಹೆಡ್ ಮೈಕ್ 3ರಿಂದ 7ರವರೆಗೆ. ಗಿಟಾರ್ ಆಂಪ್‌ಗಳು 8, 9. ಕೀಬೋರ್ಡ್‌ನ ಎಡ-ಬಲ 10, 11. ಹಾಡುವವರು 12ರಿಂದ 15. 16ನೇ ಚಾನೆಲ್ ಖಾಲಿ ಬಿಡಿ, ಅದರಲ್ಲಿ ಒಂದು ಹೆಚ್ಚುವರಿ ಮೈಕ್ ಸದಾ ಸಿದ್ಧವಾಗಿರಲಿ. ಲ್ಯಾಪ್‌ಟಾಪ್‌ನಿಂದ ಟ್ರ್ಯಾಕ್ ನುಡಿಸುವುದಿದ್ದರೆ ಅದಕ್ಕೆ 17-18 ಲೈನ್ ಇನ್‌ಪುಟ್ ಇದೆ. ಈ ಪಟ್ಟಿಯನ್ನು ಕಾಗದದಲ್ಲಿ ಬರೆದು ಮಿಕ್ಸರ್ ಮೇಲೆಯೇ ಅಂಟಿಸಿ, ಪ್ರತಿ ಕೇಬಲ್‌ನ ಎರಡೂ ತುದಿಗೆ ಸಂಖ್ಯೆ ಹಚ್ಚಿ. ಅನೇಕ ತಂಡಗಳಿರುವ ಕಾರ್ಯಕ್ರಮದಲ್ಲಿ ವೇದಿಕೆ ಬದಲಾವಣೆಗೆ ಸಿಗುವುದು ಹತ್ತು ಹದಿನೈದು ನಿಮಿಷ. ಒಂದೇ ತುದಿಗೆ ಗುರುತಿದ್ದರೆ ಆ ಸಮಯವೆಲ್ಲ ವೈರ್ ಎಳೆದು ನೋಡುವುದರಲ್ಲೇ ಹೋಗುತ್ತದೆ.

ಮೈಕ್ ಕೇಬಲ್‌ನಲ್ಲೇ ಹರಿಸುವ ವಿದ್ಯುತ್ತಾದ 48 ವೋಲ್ಟ್ ಫ್ಯಾಂಟಮನ್ನು ಪ್ರತಿ ಚಾನೆಲ್‌ಗೂ ಬೇರೆ ಬೇರೆಯಾಗಿ ಹಾಕಬಹುದು. ಓವರ್‌ಹೆಡ್ ಕಂಡೆನ್ಸರ್ ಮೈಕ್‌ಗೂ ಆ್ಯಕ್ಟಿವ್ ಡಿಐಗೂ ಅದು ಬೇಕು. ಚಾನೆಲ್ ಮ್ಯೂಟ್ ಮಾಡಿ, ಫ್ಯಾಂಟಮ್ ಹಾಕಿ, ಕೆಲವು ಸೆಕೆಂಡ್ ಬಿಟ್ಟು ಮ್ಯೂಟ್ ತೆಗೆಯಿರಿ. ಇಲ್ಲದಿದ್ದರೆ ಸ್ಪೀಕರ್‌ನಲ್ಲಿ ‘ಢಬ್’ ಎನ್ನುವ ಪೆಟ್ಟು ಬೀಳುತ್ತದೆ.

ಇನ್ನು ಮಾನಿಟರ್. 6 ಆಕ್ಸ್ ಎಂದರೆ 6 ಬೇರೆ ಬೇರೆ ಮಾನೋ ಮಿಕ್ಸ್. ಇನ್-ಇಯರ್‌ಗೆ (ಕಿವಿಯೊಳಗಿನ ಮಾನಿಟರ್‌ಗೆ) ಸ್ಟೀರಿಯೋ ಬೇಕೆಂದು ಎರಡೆರಡು ಜೋಡಿಸಿದರೆ ಮೂರೇ ಉಳಿಯುತ್ತವೆ. ಏಳು ಜನರ ತಂಡಕ್ಕೆ ಮಾನೋವೇ ಸರಿ: ಇಬ್ಬರು ಹಿನ್ನೆಲೆ ಗಾಯಕರು ಒಂದನ್ನು ಹಂಚಿಕೊಂಡರೆ ಎಲ್ಲರಿಗೂ ಆಗುತ್ತದೆ. ಇನ್ನೂ ಹೆಚ್ಚು ಮಿಕ್ಸ್ ಬೇಕಾದವರಿಗೆ ಪೆಟ್ಟಿಗೆಯ ಅಲ್ಟ್ರಾನೆಟ್ ಜ್ಯಾಕ್‌ನಿಂದ ಒಂದೇ ನೆಟ್‌ವರ್ಕ್ ಕೇಬಲ್‌ನಲ್ಲಿ 16 ಚಾನೆಲ್ ಹೊರಗೆ ಹೋಗುತ್ತದೆ. ಅದಕ್ಕೆ ಪಿ16 ವೈಯಕ್ತಿಕ ಮಿಕ್ಸರ್‌ಗಳನ್ನು ಸೇರಿಸಬಹುದು. ಮೊದಲ ಕಾರ್ಯಕ್ರಮಕ್ಕೆ ಅದರ ಅಗತ್ಯ ಬೀಳುವುದಿಲ್ಲ ಎಂಬುದು ನಮ್ಮ ಅಭಿಪ್ರಾಯ.

ಆಕ್ಸ್‌ನ ಸೆಂಡ್ ಪ್ರೀ-ಫೇಡರ್ ಆಗಿದೆಯೇ, ಅಂದರೆ ಮಾನಿಟರ್‌ಗೆ ಹೋಗುವ ಸದ್ದು ಮುಖ್ಯ ಫೇಡರ್‌ಗೆ ಕಟ್ಟುಬೀಳದೆ ಇದೆಯೇ ಎಂದು ಒಂದೊಂದಾಗಿ ನೋಡಿ. ಪೋಸ್ಟ್-ಫೇಡರ್‌ನಲ್ಲಿದ್ದರೆ ಸಭೆಗಾಗಿ ಗಿಟಾರ್ ತಗ್ಗಿಸಿದ ಕೂಡಲೇ ಗಿಟಾರ್ ನುಡಿಸುವವರ ಕಿವಿಯಲ್ಲೂ ಅದು ತಗ್ಗುತ್ತದೆ. ಅವರು ಆಂಪ್ ಏರಿಸುತ್ತಾರೆ, ಅದು ಹಾಡುವ ಮೈಕ್‌ಗೆ ನುಗ್ಗುತ್ತದೆ, ಹಾಡು ಮುಚ್ಚಿಹೋಗುತ್ತದೆ. ವೇದಿಕೆಯ ಗದ್ದಲ ಏರುತ್ತ ಹೋಗುವುದು ಹೆಚ್ಚಾಗಿ ಹೀಗೆಯೇ. ಗೇನ್‌ನ (ಪ್ರೀಆಂಪ್ ಸಿಗ್ನಲನ್ನು ಎಷ್ಟು ಹಿಗ್ಗಿಸಬೇಕೆಂಬ ಮಟ್ಟದ) ವಿಷಯವೂ ಇದಕ್ಕೇ ಗಂಟು ಬಿದ್ದಿದೆ. ಪ್ರೀ-ಫೇಡರ್ ಎಂದರೂ ಗೇನ್ ತಿರುಗಿಸಿದರೆ ಎಲ್ಲರ ಮಾನಿಟರ್ ಒಟ್ಟಿಗೆ ಬದಲಾಗುತ್ತದೆ. ಆದ್ದರಿಂದ ಗೇನನ್ನು ಮೊದಲೇ ನಿಲ್ಲಿಸಿ, ಆಮೇಲೆ ಮುಟ್ಟಬೇಡಿ. ಹಾಡಿನ ಅತಿ ಜೋರಾದ ಸಾಲನ್ನು ಹಾಡಿಸಿ, ಆ್ಯಪ್‌ನಲ್ಲಿ ಕಾಣುವ ಸದ್ದಿನ ಮೀಟರ್ ಮೈನಸ್ 18ರಿಂದ ಮೈನಸ್ 12 ಡೆಸಿಬಲ್ ನಡುವೆ ಏರುವಂತೆ ಇಡಿ. ತಾಲೀಮಿಗಿಂತ ವೇದಿಕೆಯಲ್ಲಿ ಜನ ಜೋರಾಗಿಯೇ ಹಾಡುತ್ತಾರೆ, ಜೋರಾಗಿಯೇ ಬಾರಿಸುತ್ತಾರೆ. ಆ ಉತ್ಸಾಹಕ್ಕೆ ಜಾಗ ಉಳಿದಿರಬೇಕು.

ವೆಡ್ಜ್ (ನೆಲದ ಮೇಲೆ ಓರೆಯಾಗಿ ಇಡುವ ಮಾನಿಟರ್) ಸ್ಪೀಕರ್ ಬಳಸುವವರಿಗೆ ಫೀಡ್‌ಬ್ಯಾಕ್, ಅಂದರೆ ಸ್ಪೀಕರ್‌ನ ಸದ್ದು ಮತ್ತೆ ಮೈಕ್‌ಗೆ ನುಗ್ಗಿ ಕೂಗುವುದು, ದೊಡ್ಡ ತಲೆನೋವು. ಇಲ್ಲಿ ಎಕ್ಸ್‌ಆರ್18ನ 31 ಬ್ಯಾಂಡ್ ಗ್ರಾಫಿಕ್ ಇಕ್ಯೂ (ಸದ್ದನ್ನು ತಗ್ಗಿನಿಂದ ಎತ್ತರದವರೆಗೆ 31 ಪಾಲು ಮಾಡಿ ಒಂದೊಂದನ್ನೂ ಹೊಂದಿಸುವಂಥದ್ದು) ಮತ್ತು ಟ್ಯಾಬ್ಲೆಟ್ ಪರದೆಯಲ್ಲಿ ಕಾಣುವ ರಿಯಲ್ ಟೈಮ್ ಅನಲೈಸರ್ ನಿಜಕ್ಕೂ ನೆರವಿಗೆ ಬರುತ್ತವೆ. ಮೈಕ್ ತೆರೆದಿಟ್ಟು ಆಕ್ಸ್ ಮಟ್ಟವನ್ನು ನಿಧಾನವಾಗಿ ಏರಿಸಿ. ಎಲ್ಲಿ ಕೂಗಲು ಶುರುವಾಗುತ್ತದೋ ಅಲ್ಲಿ ಅನಲೈಸರ್‌ನಲ್ಲಿ ಒಂದು ಕಂಬ ಎದ್ದು ನಿಲ್ಲುತ್ತದೆ. ಆ ಬ್ಯಾಂಡನ್ನು 3ರಿಂದ 6 ಡೆಸಿಬಲ್ ಇಳಿಸಿ, ಮತ್ತೆ ಏರಿಸಿ. ಮೂರು ನಾಲ್ಕು ಕಡೆ ಇಳಿಸಿದ ಮೇಲೆ ನಿಲ್ಲಿಸಿಬಿಡಿ, ಇನ್ನೂ ಕತ್ತರಿಸುತ್ತ ಹೋದರೆ ಮಾತೇ ಸ್ಪಷ್ಟವಾಗಿ ಕೇಳದು. ಆದರೂ ಇಕ್ಯೂಗಿಂತ ಮೊದಲು ಸರಿಪಡಿಸಬೇಕಾದದ್ದು ವೆಡ್ಜ್ ಇಡುವ ಜಾಗ. ಶೂರ್ ಎಸ್‌ಎಂ58 ಥರದ ಕಾರ್ಡಿಯಾಯ್ಡ್ ಮೈಕ್ ತನ್ನ ಬಾಲದ ನೇರ ಹಿಂದಿನಿಂದ ಬರುವ ಸದ್ದನ್ನು ಅತಿ ಕಡಿಮೆ ಹಿಡಿಯುತ್ತದೆ, ಹಾಗಾಗಿ ವೆಡ್ಜ್ ಗಾಯಕರ ನೇರ ಮುಂದೆ ಇರಬೇಕು. ಬೀಟಾ 58ಎ ಸೂಪರ್‌ಕಾರ್ಡಿಯಾಯ್ಡ್. ಅದರ ಕುರುಡು ಜಾಗ ಹಿಂದಿನ ಎರಡು ಓರೆಗಳಲ್ಲಿದೆ, ಆದ್ದರಿಂದ ವೆಡ್ಜನ್ನು ಪಕ್ಕಕ್ಕೆ ಸರಿಸಬೇಕು. ಮೈಕ್‌ನ ಜಾಲರಿಯನ್ನು ಮುಷ್ಟಿಯಲ್ಲಿ ಮುಚ್ಚಿ ಹಿಡಿಯುವ ಅಭ್ಯಾಸವಿದ್ದರೆ ಈ ಲೆಕ್ಕವೆಲ್ಲ ಬಿದ್ದುಹೋಗುತ್ತದೆ, ಏಕೆಂದರೆ ಹಿಂದಿನ ರಂಧ್ರಗಳು ಮುಚ್ಚಿದ ಮೈಕ್ ಎಲ್ಲ ದಿಕ್ಕಿನಿಂದಲೂ ಸದ್ದು ಹೀರುತ್ತದೆ. ಹಾಡುವ ಚಾನೆಲ್‌ಗಳಿಗೆ 100-120 ಹರ್ಟ್ಸ್ ಲೋ-ಕಟ್ (ಅದಕ್ಕಿಂತ ತಗ್ಗಿನ ಸದ್ದನ್ನು ತೆಗೆಯುವ ಫಿಲ್ಟರ್) ಹಾಕಿಡಿ.

ಈ ಪೆಟ್ಟಿಗೆಯ ದೊಡ್ಡ ದೌರ್ಬಲ್ಯ ಅದರೊಳಗಿನ ವೈಫೈ. ಅದು 2.4 ಗಿಗಾಹರ್ಟ್ಸ್‌ನಲ್ಲಿ ಮಾತ್ರ ಕೆಲಸ ಮಾಡುತ್ತದೆ. ಖಾಲಿ ಕೋಣೆಯಲ್ಲಿ ಏನೂ ತೊಂದರೆ ಕಾಣುವುದಿಲ್ಲ. ಸಂಜೆ ಮುನ್ನೂರು ಜನ ಜೇಬಿನಲ್ಲಿ ಫೋನ್ ಇಟ್ಟುಕೊಂಡು ಬಂದು ಕುಳಿತಾಗ ಆ ತರಂಗಪಟ್ಟಿಯಲ್ಲಿ ಜಾಗವೇ ಇರುವುದಿಲ್ಲ, ಮನುಷ್ಯರ ಮೈಯೂ ಈ ಅಲೆಗಳನ್ನು ಹೀರಿಕೊಳ್ಳುತ್ತದೆ. ಲೋಹದ ರ್‍ಯಾಕ್ ಕೇಸ್‌ನಲ್ಲಿ ಕೂರಿಸಿದರಂತೂ ಸಿಗ್ನಲ್ ಇನ್ನಷ್ಟು ಕುಗ್ಗುತ್ತದೆ. ಸಮಾಧಾನದ ಸಂಗತಿ ಎಂದರೆ ಸಂಪರ್ಕ ಕಡಿದರೂ ಸಂಗೀತ ನಿಲ್ಲುವುದಿಲ್ಲ. ಕೊನೆಯ ಸ್ಥಿತಿಯಲ್ಲೇ ಮಿಕ್ಸರ್ ಕೆಲಸ ಮಾಡುತ್ತಿರುತ್ತದೆ, ನಿಯಂತ್ರಣ ಮಾತ್ರ ಕೈತಪ್ಪುತ್ತದೆ. ಅದೇ ಹೊತ್ತಿಗೆ ಒಂದು ವೆಡ್ಜ್ ಕೂಗಲು ಶುರುವಿಟ್ಟರೆ ಮಾತ್ರ ಕಷ್ಟ.

ಪರಿಹಾರ ಸುಲಭ. 5 ಗಿಗಾಹರ್ಟ್ಸ್ ಇರುವ ಸಾಧಾರಣ ರೂಟರ್ ಒಂದನ್ನು ಮಿಕ್ಸರ್‌ನ ಈಥರ್ನೆಟ್ ಜ್ಯಾಕ್‌ಗೆ ಕೇಬಲ್‌ನಲ್ಲಿ ಜೋಡಿಸಿ, ಮಿಕ್ಸರ್‌ನ ಮೂರು ಸ್ಥಾನದ ಸ್ವಿಚ್ಚನ್ನು ಆಕ್ಸೆಸ್ ಪಾಯಿಂಟ್‌ನಿಂದ ಈಥರ್ನೆಟ್‌ಗೆ ತಳ್ಳಿ. ರೂಟರ್‌ನ 2.4 ಆಫ್ ಮಾಡಿ, 5ನ್ನು ಮಾತ್ರ ಉಳಿಸಿ. ಪಾಸ್‌ವರ್ಡ್ ಹಾಕದೆ ಬಿಡಬೇಡಿ, ಆ್ಯಪ್ ಉಚಿತವಾದ್ದರಿಂದ ಸಭೆಯಲ್ಲಿರುವ ಯಾರು ಬೇಕಾದರೂ ಫೇಡರ್ ಎಳೆಯಬಹುದು. ರೂಟರನ್ನು ಮೈಕ್ ಸ್ಟ್ಯಾಂಡ್‌ಗೆ ಕಟ್ಟಿಯಾದರೂ ಜನರ ತಲೆಗಿಂತ ಎತ್ತರದಲ್ಲಿಡಿ. ಟ್ಯಾಬ್ಲೆಟ್‌ನಲ್ಲಿ ಏರೋಪ್ಲೇನ್ ಮೋಡ್ ಹಾಕಿ ವೈಫೈ ಮಾತ್ರ ತೆರೆಯಿರಿ. ಇಂಟರ್‌ನೆಟ್ ಇಲ್ಲದ ವೈಫೈ ಎಂದು ತಿಳಿದ ಫೋನುಗಳು ತಾವಾಗಿಯೇ ಮೊಬೈಲ್ ಡೇಟಾಗೆ ಹಾರುತ್ತವೆ, ಅದಕ್ಕೆ ಈ ಎಚ್ಚರ. ಪರದೆ ತಾನಾಗಿ ಆರುವುದನ್ನೂ ನಿಲ್ಲಿಸಿ. ಜೊತೆಗೆ ರೂಟರ್‌ಗೆ ಕೇಬಲ್ ಚುಚ್ಚಿದ ಲ್ಯಾಪ್‌ಟಾಪ್ ಒಂದು ವೇದಿಕೆಯ ಮಗ್ಗುಲಲ್ಲಿ ತೆರೆದಿರಲಿ.

ಕೆಲಸದ ನಡುವೆ ಬಿಡುವು ಮಾಡಿಕೊಂಡು ಸೇರುವ ತಂಡಕ್ಕೆ ಈ ಮಿಕ್ಸರ್ ಕೊಡುವ ದೊಡ್ಡ ಉಡುಗೊರೆ ಯುಎಸ್‌ಬಿ ಜ್ಯಾಕ್. 18 ಚಾನೆಲ್ ಒಳಗೆ, 18 ಹೊರಗೆ. ತಾಲೀಮಿನಲ್ಲಿ ಎಲ್ಲ ಚಾನೆಲ್‌ಗಳನ್ನೂ ಲ್ಯಾಪ್‌ಟಾಪ್‌ಗೆ ಬೇರೆ ಬೇರೆಯಾಗಿ ರೆಕಾರ್ಡ್ ಮಾಡಿಕೊಳ್ಳಿ. ಆಮೇಲೆ ಯಾರೂ ಇಲ್ಲದ ಹೊತ್ತಿನಲ್ಲಿ ಅದೇ ರೆಕಾರ್ಡಿಂಗನ್ನು ಮಿಕ್ಸರ್‌ಗೆ ಹಿಂತಿರುಗಿಸಿ, ಇಕ್ಯೂ, ಕಂಪ್ರೆಸರ್, ರಿವರ್ಬ್ ಎಲ್ಲವನ್ನೂ ನಿಧಾನವಾಗಿ ಹೊಂದಿಸಬಹುದು. ವಿಂಡೋಸ್ ಆದರೆ ಡ್ರೈವರ್ ಹಾಕಿಕೊಳ್ಳಬೇಕು. ಇದರಿಂದ ಫೀಡ್‌ಬ್ಯಾಕ್ ಪರೀಕ್ಷೆ ಆಗುವುದಿಲ್ಲ, ಏಕೆಂದರೆ ಆಗ ಮೈಕ್‌ಗಳು ಕೆಲಸ ಮಾಡುತ್ತಿರುವುದಿಲ್ಲ. ಗೇನ್ ಕೂಡ ರೆಕಾರ್ಡ್ ಮಾಡಿದಾಗ ಎಷ್ಟಿತ್ತೋ ಅಷ್ಟೇ. ಮುಗಿದ ಮೇಲೆ ಪ್ರತಿ ಚಾನೆಲ್‌ನ ಮೂಲವನ್ನು ಯುಎಸ್‌ಬಿಯಿಂದ ಅನಲಾಗ್‌ಗೆ ಮರಳಿಸಲೇಬೇಕು. ವೇದಿಕೆಯಲ್ಲಿ ‘ಮೈಕ್ ಸತ್ತಿದೆ’ ಎಂದು ಕೇಬಲ್ ಬದಲಿಸುತ್ತ ಒದ್ದಾಡುವಾಗ ಮೊದಲು ನೋಡಬೇಕಾದದ್ದು ಇದೇ ಗುಂಡಿ. ಪೆನ್‌ಡ್ರೈವ್‌ಗೆ ನೇರವಾಗಿ ರೆಕಾರ್ಡ್ ಮಾಡುವ ಸೌಲಭ್ಯ ಎಕ್ಸ್‌ಆರ್18ರಲ್ಲಿ ಇಲ್ಲ, ಚಿಕ್ಕ ತಮ್ಮಂದಿರಾದ 12, 16ರಲ್ಲಿ ಎರಡು ಟ್ರ್ಯಾಕ್ ಮಟ್ಟಿಗೆ ಇದೆ.

ಹೊಂದಿಸಿದ್ದೆಲ್ಲವನ್ನೂ ಮತ್ತೆ ಕರೆಯಬಹುದಾದ ಸ್ನ್ಯಾಪ್‌ಶಾಟ್ ಆಗಿ ಉಳಿಸಿ: ತಾಲೀಮಿನದು ಒಂದು, ಸೌಂಡ್‌ಚೆಕ್ ಮುಗಿದ ಮೇಲೆ ಇನ್ನೊಂದು. ಕಾರ್ಯಕ್ರಮದ ನಡುವೆ ಹಳೆಯ ಸ್ನ್ಯಾಪ್‌ಶಾಟ್ ಕರೆದರೆ ಗೇನ್, ಮಾನಿಟರ್ ಎಲ್ಲವೂ ಹಳೆಯದಕ್ಕೆ ಮರಳಬಹುದು. ಹಾಡಿನಿಂದ ಹಾಡಿಗೆ ಬದಲಿಸುವ ಆಸೆಯಿದ್ದರೆ ಏನೇನು ಬದಲಾಗಬೇಕೆಂದು ಆರಿಸುವ ಸ್ಕೋಪ್‌ನಲ್ಲಿ ಎಫೆಕ್ಟ್‌ಗಳನ್ನು ಮಾತ್ರ ಇಟ್ಟುಕೊಂಡು ಉಳಿದದ್ದನ್ನು ಹೊರಗಿಡಿ. ಮೊದಲ ಕಾರ್ಯಕ್ರಮದಲ್ಲಿ ಆ ಸಾಹಸ ಬೇಡವೇ ಬೇಡ. ಹಲವು ಚಾನೆಲ್‌ಗಳನ್ನು ಒಟ್ಟಿಗೆ ಮ್ಯೂಟ್ ಮಾಡುವ 4 ಮ್ಯೂಟ್ ಗ್ರೂಪ್‌ಗಳಲ್ಲಿ ಒಂದಕ್ಕೆ ರಿವರ್ಬ್ ಮತ್ತು ಡಿಲೇ, ಇನ್ನೊಂದಕ್ಕೆ ವಾದ್ಯಗಳನ್ನೆಲ್ಲ ಹಾಕಿಕೊಳ್ಳಿ. ಹಾಡುಗಳ ನಡುವೆ ನಿರೂಪಣೆ ಮಾಡುವಾಗ ಒಂದೇ ಒತ್ತಿನಲ್ಲಿ ಮಾತು ಶುಚಿಯಾಗುತ್ತದೆ. ಫೇಡರ್‌ಗಳಿಲ್ಲದ ಕೊರತೆ ಕಾಡುವುದು ಇಂಥ ತುರ್ತಿನಲ್ಲೇ: ಗಾಜಿನ ಮೇಲೆ ಬೆರಳಿಗೆ ಗುರುತು ಸಿಗುವುದಿಲ್ಲ, ಪ್ರತಿ ಸಲವೂ ಕಣ್ಣಿಟ್ಟು ಹುಡುಕಬೇಕು.

ಟ್ಯಾಬ್ಲೆಟ್ ಯಾರ ಕೈಯಲ್ಲಿರಬೇಕು? ನುಡಿಸುವವರ ಕೈಯಲ್ಲಿ ಖಂಡಿತ ಬೇಡ. ಮುಖ್ಯ ಸ್ಪೀಕರ್‌ಗಳ ಹಿಂದೆ ನಿಂತವರಿಗೆ ಸಭೆಯಲ್ಲಿ ಏನು ಕೇಳುತ್ತಿದೆ ಎಂದು ಗೊತ್ತಾಗುವುದಿಲ್ಲ. ಬ್ಯಾಂಡ್‌ನಲ್ಲಿಲ್ಲದ, ಆದರೆ ಹಾಡುಗಳು ಬಾಯಿಪಾಠವಿರುವ ಸಹೋದ್ಯೋಗಿಯೊಬ್ಬರು ಸಭೆಯ ನಡುವೆ ನಿಲ್ಲಲಿ, ತಾಲೀಮಿಗೂ ಅವರು ಬರಲಿ. ಸಭಾಂಗಣಕ್ಕೆ ತನ್ನದೇ ಎಂಜಿನಿಯರ್ ಇದ್ದರೆ ಇನ್ನೂ ಒಳ್ಳೆಯ ದಾರಿ ಇದೆ. ಪ್ರತಿ ಸಿಗ್ನಲನ್ನೂ ಎರಡಾಗಿ ಕವಲೊಡೆಸುವ 16 ಚಾನೆಲ್‌ನ ಸ್ಪ್ಲಿಟ್ ಕೇಬಲ್ ಹಾಕಿ ಒಂದು ಕವಲನ್ನು ಅವರ ಮಿಕ್ಸರ್‌ಗೂ ಇನ್ನೊಂದನ್ನು ಎಕ್ಸ್‌ಆರ್18ಕ್ಕೂ ಕೊಡಿ, ಇದನ್ನು ಮಾನಿಟರ್‌ಗೆ ಮಾತ್ರ ಬಳಸಿ. ಫ್ಯಾಂಟಮ್ ಯಾರ ಕಡೆಯಿಂದ ಎಂದು ಮೊದಲೇ ಮಾತಾಡಿಕೊಳ್ಳಿ. ಸ್ಪ್ಲಿಟ್ ಇಲ್ಲದೆ ಎಡ-ಬಲ ಔಟ್‌ಪುಟ್ ಮಾತ್ರ ಕೊಡುವುದಾದರೆ ಅದು ಮೈಕ್‌ಗಿಂತ ಬಹಳ ಜೋರಾದ ಲೈನ್ ಮಟ್ಟದ ಸಿಗ್ನಲ್ ಎಂದು ಹೇಳಿ. ಸ್ಟೇಜ್ ಬಾಕ್ಸ್‌ನ ಮೈಕ್ ಇನ್‌ಪುಟ್‌ಗೆ ಪ್ಯಾಡ್ (ಸಿಗ್ನಲ್ ತಗ್ಗಿಸುವ ಸೌಲಭ್ಯ) ಇಲ್ಲದೆ ಚುಚ್ಚಿದರೆ ಸದ್ದು ಒಡೆದು ಕರಕರ ಎನ್ನುತ್ತದೆ, ತಪ್ಪು ಬ್ಯಾಂಡ್‌ನ ತಲೆಗೆ ಬರುತ್ತದೆ.

ಇದೇ ಕೆಲಸಕ್ಕೆ ಸೌಂಡ್‌ಕ್ರಾಫ್ಟ್ ಯುಐ24ಆರ್ ಕೂಡ ಇದೆ. 20 ಮೈಕ್ ಪ್ರೀಆಂಪ್, 2.4 ಮತ್ತು 5 ಗಿಗಾಹರ್ಟ್ಸ್ ಎರಡೂ ಇರುವ ವೈಫೈ, ಆ್ಯಪ್ ಇಲ್ಲದೆ ಬ್ರೌಸರ್‌ನಲ್ಲೇ ನಿಯಂತ್ರಣ, ಯುಎಸ್‌ಬಿ ಡ್ರೈವ್‌ಗೆ ಬಹು ಟ್ರ್ಯಾಕ್ ರೆಕಾರ್ಡಿಂಗ್. ಕೈಯಲ್ಲಿ ಹಣವಿದ್ದು ವರ್ಷಕ್ಕೆ ಹಲವು ಕಾರ್ಯಕ್ರಮ ಕೊಡುವ ತಂಡಕ್ಕೆ ಅದು ಹೆಚ್ಚು ಹೊಂದುತ್ತದೆ. ಒಂದೇ ಕಾರ್ಯಕ್ರಮ ಕಣ್ಣಮುಂದಿರುವ ತಂಡ ಎಕ್ಸ್‌ಆರ್18ನ್ನು ಕೊಳ್ಳುವ ಬದಲು ಬಾಡಿಗೆಗೆ ತರುವುದು ಜಾಣತನ. ಆದರೆ ಅದೊಂದು ದಿನಕ್ಕೆಂದು ತರಬೇಡಿ, ಕನಿಷ್ಠ ಎರಡು ಪೂರ್ಣ ತಾಲೀಮು ಅದರ ಮೇಲೆಯೇ ಆಗುವಂತೆ ಮೊದಲೇ ತನ್ನಿ. ಬಾಡಿಗೆಯ ಪೆಟ್ಟಿಗೆಯಲ್ಲಿ ಹಿಂದಿನವರ ಸೆಟ್ಟಿಂಗ್ ಉಳಿದಿರುತ್ತದೆ. ಎಲ್ಲವನ್ನೂ ಇನಿಶಿಯಲೈಸ್ ಮಾಡಿ (ಮೂಲ ಸ್ಥಿತಿಗೆ ತಂದು) ಶುರುಮಾಡಿ, ಪೆಟ್ಟಿಗೆಯೊಳಗಿನ ತಂತ್ರಾಂಶವಾದ ಫರ್ಮ್‌ವೇರ್ ನಿಮ್ಮ ಆ್ಯಪ್‌ಗೆ ಹೊಂದುತ್ತದೆಯೇ ಎಂದು ಅಂದೇ ನೋಡಿಕೊಳ್ಳಿ. ಅಪ್‌ಡೇಟ್ ಮಾಡುವುದಿದ್ದರೆ ಮೊದಲ ತಾಲೀಮಿಗೆ ಮುಂಚೆಯೇ ಮಾಡಿ ಮುಗಿಸಿ, ಕಾರ್ಯಕ್ರಮದ ವಾರದಲ್ಲಿ ಫರ್ಮ್‌ವೇರ್ ಮುಟ್ಟಲು ಹೋಗಬೇಡಿ. ಮಿಕ್ಸರ್ ಮತ್ತು ರೂಟರ್ ಎರಡಕ್ಕೂ ಸೇರಿ ಒಂದು ಚಿಕ್ಕ ಯುಪಿಎಸ್ ಬೇಕು: ಕರೆಂಟ್ ಒಂದು ಕ್ಷಣ ಹೋಗಿ ಬಂದರೂ ಎರಡೂ ಮೊದಲಿನಿಂದ ಎದ್ದೇಳಬೇಕಾಗುತ್ತದೆ, ರೂಟರ್ ಏಳುವುದಕ್ಕೆ ಒಂದೆರಡು ನಿಮಿಷವೇ ಹಿಡಿಯಬಹುದು.