256 ಎಂದು ನಂಬಿ 8ರಲ್ಲಿ ಸಿಕ್ಕಿಕೊಂಡೆ

ಪಿಎಲ್‌ಸಿಗೆ (ಯಂತ್ರಗಳನ್ನು ನಡೆಸುವ ಕಂಟ್ರೋಲರ್) ಹೊಸ ಡ್ರೈವ್‌ಗಳನ್ನು (ಮೋಟರ್ ವೇಗ ನಿಯಂತ್ರಿಸುವ ಸಾಧನ) ಸೇರಿಸಲು ಹೊರಟಿರುವವರು ಆರ್ಡರ್ ಕೊಡುವ ಮೊದಲು ಇದನ್ನು ಓದಿ. ನನಗೆ ಬುದ್ಧಿ ಬಂದದ್ದು ಸರಕು ಬಂದಿಳಿದ ಮೇಲೆ.

ಶಿವಮೊಗ್ಗದ ಹೊರವಲಯದಲ್ಲಿರುವ ಒಂದು ಅಕ್ಕಿ ಗಿರಣಿಯ ವಿದ್ಯುತ್ ಕೆಲಸ ನನ್ನದು. ಮಳೆಗಾಲದ ಬೆಳೆ ಕೊಯ್ಲಿಗೆ ಬರುವಷ್ಟರಲ್ಲಿ ಡ್ರೈಯರ್ ವಿಸ್ತರಣೆ ಮುಗಿಯಬೇಕಿತ್ತು. ಎರಡು ಎಲಿವೇಟರ್, ಎರಡು ಬ್ಲೋವರ್. ನಾಲ್ಕಕ್ಕೂ ಈಥರ್ನೆಟ್ ಡ್ರೈವ್ ತರಿಸಿದೆ. ಪ್ಯಾನೆಲ್‌ನಲ್ಲಿರುವ ಪಿಎಲ್‌ಸಿ ಕಾಂಪ್ಯಾಕ್ಟ್‌ಲಾಜಿಕ್ಸ್ ಎಲ್24ಇಆರ್. ಕೈಪಿಡಿಯಲ್ಲಿ 256 ಕನೆಕ್ಷನ್ ಎಂದು ಓದಿ ಪುಟ ಮುಚ್ಚಿದ್ದೆ. ಡ್ರೈವ್ ಮಾರಿದವರಂತೂ ಈಥರ್ನೆಟ್ ತಂತಿಗಳು ಸೇರುವ ಸ್ವಿಚ್ಚಿಗೆ ಬೆರಳು ತೋರಿಸಿ, "ಇನ್ನೂ ಐದು ಪೋರ್ಟ್ ಖಾಲಿ ಇವೆಯಲ್ಲ ಸರ್" ಎಂದಿದ್ದರು. ಖಾಲಿ ಪೋರ್ಟಿಗೂ ಇದಕ್ಕೂ ಸಂಬಂಧವೇ ಇಲ್ಲ.

ಪ್ರೋಗ್ರಾಂ ಮಾಡಲು ಬಂದ ಹುಡುಗ ಲ್ಯಾಪ್‌ಟಾಪ್ ತೆರೆದು ಐ/ಒ ಪಟ್ಟಿಯ (ಪಿಎಲ್‌ಸಿ ಪ್ರೋಗ್ರಾಂಗೆ ಸೇರಿಸಿದ ಸಾಧನಗಳ ಪಟ್ಟಿ) ಮೇಲೆ ಪೆನ್ನಿನ ತುದಿಯಿಟ್ಟು ಎಣಿಸಿದ. ಹಳೆಯ ಡ್ರೈವ್ ಆರು, ರಿಮೋಟ್ ಐ/ಒ ಅಡಾಪ್ಟರ್ (ದೂರದ ಇನ್‌ಪುಟ್-ಔಟ್‌ಪುಟ್ ಮಾಡ್ಯೂಲ್‌ಗಳನ್ನು ಈಥರ್ನೆಟ್ಟಿಗೆ ಜೋಡಿಸುವುದು) ಒಂದು, ಮ್ಯಾನೇಜ್ಡ್ ಸ್ವಿಚ್ ಒಂದು. "ಎಂಟಾಯಿತು ಸರ್. ಇದಕ್ಕೆ ಎಂಟೇ ನೋಡ್" ಎಂದ. ಕನೆಕ್ಷನ್ ಎಂದರೆ ಕಂಟ್ರೋಲರ್ ತೆರೆದಿಡುವ ಸಂವಹನ ಕೊಂಡಿ, ನೋಡ್ ಎಂದರೆ ಆ ಪಟ್ಟಿಯಲ್ಲಿ ಈಥರ್ನೆಟ್ ಕೆಳಗಿರುವ ಒಂದೊಂದು ಸಾಧನ. ಕನೆಕ್ಷನ್ ಲೆಕ್ಕ ಬೇರೆ, ಈಥರ್ನೆಟ್ ನೋಡ್ ಲೆಕ್ಕ ಬೇರೆ. ಅದೇ ಸಾಲಿನ ಎಲ್30ಇಆರ್‌ಗೆ 16, ಎಲ್33ಇಆರ್‌ಗೆ 32. ನಾನು ನೋಡಬೇಕಿದ್ದ ಅಂಕಿ ಅದು.

ಎಣಿಕೆಯ ಸೂತ್ರ ಗೊತ್ತಿದ್ದರೆ ಅರ್ಧ ಸಂಕಟ ತಪ್ಪುತ್ತದೆ. ತಂತಿಯಲ್ಲಿ ಏನೇನು ನೇತಾಡುತ್ತಿದೆ ಎಂಬುದು ಮುಖ್ಯವಲ್ಲ, ಪ್ರಾಜೆಕ್ಟ್‌ನ ಐ/ಒ ಪಟ್ಟಿಯಲ್ಲಿ ಈಥರ್ನೆಟ್ ಕೆಳಗೆ ಯಾರಿದ್ದಾರೆ ಎಂಬುದು ಮುಖ್ಯ. ಕಂಟ್ರೋಲರ್ ತಾನೇ ಲೆಕ್ಕಕ್ಕಿಲ್ಲ. ಲ್ಯಾಪ್‌ಟಾಪ್ ಇಲ್ಲ. ಪಟ್ಟಿಗೆ ಸೇರಿಸದ ಎಚ್‌ಎಂಐ ಪರದೆಯೂ (ಆಪರೇಟರ್ ಯಂತ್ರದ ಸ್ಥಿತಿ ನೋಡುವ ಪರದೆ) ಇಲ್ಲ. ಸೇರಿಸಿದಿರೋ, ಅದೂ ಒಂದು ನೋಡ್. ಅಡಾಪ್ಟರ್ ಬೆನ್ನಿಗೆ ಎಷ್ಟು ಮಾಡ್ಯೂಲ್ ಇದ್ದರೂ ಅಡಾಪ್ಟರ್ ಒಂದೇ ಲೆಕ್ಕ. ನಮ್ಮ ಸ್ವಿಚ್ಚನ್ನು ಹಿಂದೆ ಯಾರೋ ಅದರ ಸ್ಥಿತಿಗತಿ ಪರದೆಯಲ್ಲಿ ಕಾಣಲಿ ಎಂದು ಪಟ್ಟಿಗೆ ಸೇರಿಸಿದ್ದರು. ಆ ಚಿತ್ರವನ್ನು ಯಾರೂ ನೋಡಿದ್ದು ನಾನು ಕಾಣೆ, ಆದರೂ ಒಂದು ನೋಡ್ ತಿಂದು ಕೂತಿತ್ತು!

ಅದನ್ನು ಪಟ್ಟಿಯಿಂದ ತೆಗೆದೆವು. ಸ್ವಿಚ್ ಎಂದಿನಂತೆ ಕೆಲಸ ಮಾಡುತ್ತಿದೆ. ಆ ಜಾಗಕ್ಕೆ ಒಂದು ಹೊಸ ಡ್ರೈವ್ ಬಂತು. ಉಳಿದ ಮೂರಕ್ಕೆ ದೊಡ್ಡ ಕಂಟ್ರೋಲರ್ ಕೇಳಲು ಹೋದಾಗ ಮಾಲೀಕರು, "ಏನಪ್ಪಾ, ಮೊದಲೇ ಎಣಿಸಬಾರದಿತ್ತೇ?" ಎಂದರು. ಉತ್ತರವಿರಲಿಲ್ಲ. ಕಡೆಗೆ ಅಡಾಪ್ಟರಿಗೆ ಮಾಡ್ಯೂಲ್ ಸೇರಿಸಿ ಸ್ಟಾರ್ಟ್, ಸ್ಟಾಪ್ ಮತ್ತು 4–20 ಮಿಲಿಆಂಪ್ ವೇಗದ ಸಂಕೇತವನ್ನು ತಂತಿಯಲ್ಲೇ ಎಳೆದೆವು. ಡ್ರೈವ್ ಅನ್ನು ಪಟ್ಟಿಗೆ ಸೇರಿಸದೆ ಪ್ರೋಗ್ರಾಂನೊಳಗಿನ ಮೆಸೇಜ್ ಸೂಚನೆಯಿಂದ (ಸಂದೇಶ ಕಳಿಸುವ ಆದೇಶ) ಮಾತಾಡಿಸಿದರೆ ನೋಡ್ ಲೆಕ್ಕಕ್ಕೆ ಬರುವುದಿಲ್ಲ, ನಿಜ. ಆದರೆ ಮೋಟರ್ ನಿಲ್ಲಿಸುವ ಕೆಲಸವನ್ನು ಅದರ ಕೈಗೆ ಕೊಡಲು ನನಗೆ ಧೈರ್ಯವಿಲ್ಲ.

ಈಥರ್ನೆಟ್ಟಿಗೆಂದೇ ಹೆಚ್ಚು ಹಣ ಕೊಟ್ಟು ತಂದ ಡ್ರೈವ್‌ಗಳಲ್ಲಿ ಮೂರರ ಪೋರ್ಟಿಗೆ ಇನ್ನೂ ರಬ್ಬರ್ ಮುಚ್ಚಳವಿದೆ. ಅವು ಟ್ರಿಪ್ ಆದರೆ ಎಚ್‌ಎಂಐಯಲ್ಲಿ 'ಫಾಲ್ಟ್' ಎಂದಷ್ಟೇ ಬರುತ್ತದೆ. ಯಾವ ಫಾಲ್ಟ್ ಎಂದು ತಿಳಿಯಲು ಆಪರೇಟರ್ ಡ್ರೈಯರ್ ಬಿಟ್ಟು, ಮಳೆಯಿದ್ದರೆ ಕೊಡೆ ಹಿಡಿದು, ಅಂಗಳ ದಾಟಿ ಪ್ಯಾನೆಲ್ ಕೋಣೆಗೆ ಬರುತ್ತಾನೆ.